ಊರುಗೋಲು ಯಾವ ಕೈಯಲ್ಲಿ? ನಡಿಗೆಯ ಸಾಧನಗಳ ಅಳತೆ, ಬಳಕೆ, ಎಚ್ಚರ

ಎಡ ಮಂಡಿ ನೋಯುತ್ತಿರುವವರ ಕೈಗೆ ಊರುಗೋಲು ಕೊಟ್ಟು ನೋಡಿ, ಹೆಚ್ಚಿನವರು ಅದನ್ನು ಎಡಗೈಯಲ್ಲೇ ಹಿಡಿಯುತ್ತಾರೆ. ನೋವಿರುವ ಕಡೆಗೇ ಆಸರೆ ಬೇಕು ಎಂಬ ಎಣಿಕೆ ಸಹಜವಾದದ್ದೇ, ಆದರೆ ತಪ್ಪು. ಕೋಲು ಇರಬೇಕಾದದ್ದು ನೋವಿಲ್ಲದ ಕಡೆಯ ಕೈಯಲ್ಲಿ.

ಕಾರಣ ಸೊಂಟದಲ್ಲಿದೆ. ಒಂಟಿ ಕಾಲಿನ ಮೇಲೆ ನಿಂತಾಗ ದೇಹ ಇನ್ನೊಂದು ಬದಿಗೆ ವಾಲದಂತೆ, ನಿಂತ ಕಾಲಿನ ಕಡೆಯ ಸೊಂಟದ ಸ್ನಾಯುಗಳು ಬಿಗಿಯಾಗಿ ಎಳೆದು ಹಿಡಿಯುತ್ತವೆ. ಮೈತೂಕದ ಜೊತೆಗೆ ಈ ಎಳೆತವೂ ಸೇರಿ, ಆ ಕೀಲಿನ ಮೇಲೆ ಬೀಳುವ ಹೊರೆ ಮೈತೂಕದ ಸುಮಾರು ಎರಡೂವರೆಯಿಂದ ಮೂರು ಪಟ್ಟಾಗುತ್ತದೆ. ಎದುರು ಕೈಯಲ್ಲಿ ಊರಿದ ಕೋಲು ಕೀಲಿನಿಂದ ದೂರದಲ್ಲಿರುವುದರಿಂದ, ಅಂಗೈಯಿಂದ ಸ್ವಲ್ಪವೇ ಒತ್ತಿದರೂ ಸ್ನಾಯುಗಳ ಕೆಲಸ ಬಹಳಷ್ಟು ಹಗುರಾಗುತ್ತದೆ. ನೋವಿನ ಕಡೆಯ ಕೈಯಲ್ಲೇ ಹಿಡಿದರೆ ಈ ಲಾಭ ಸಿಗುವುದಿಲ್ಲ. ಮೈ ಆ ಕಡೆಗೇ ವಾಲಿ ನಡಿಗೆ ಇನ್ನಷ್ಟು ಕೆಡುತ್ತದೆ.

ಮೊದಲು ಅಳತೆ

ಬಂಧುಗಳ ಮನೆಯ ಮೂಲೆಯಲ್ಲಿದ್ದ ಕೋಲನ್ನು ತಂದು ಹಾಗೆಯೇ ಬಳಸುವುದು ಎಲ್ಲ ಕಡೆ ನಡೆಯುತ್ತದೆ. ಕೋಲನ್ನು ಎರವಲು ತರಬಹುದು, ಅದರ ಎತ್ತರವನ್ನು ತರಲಾಗದು.

ದಿನವೂ ಹಾಕುವ ಪಾದರಕ್ಷೆ ಹಾಕಿಕೊಂಡು ನೇರವಾಗಿ ನಿಲ್ಲಿ. ತೋಳುಗಳು ಸಡಿಲವಾಗಿ ಪಕ್ಕಕ್ಕೆ ಇಳಿಬಿದ್ದಿರಲಿ. ಮಣಿಕಟ್ಟಿನ ಒಳಭಾಗದಲ್ಲಿ ಒಂದು ಮಡಿಕೆಯ ಗೆರೆ ಕಾಣುತ್ತದೆಯಲ್ಲ, ನೆಲದಿಂದ ಆ ಗೆರೆಯವರೆಗಿನ ಎತ್ತರವೇ ಕೋಲಿನ ಹಿಡಿಯ ಎತ್ತರ. ಅಳೆಯುವವರು ಬೇರೊಬ್ಬರಿರಬೇಕು. ತಾವೇ ಅಳೆಯಲು ಬಗ್ಗಿದರೆ ಲೆಕ್ಕ ತಪ್ಪುತ್ತದೆ. ಈಗ ಕೋಲಿನ ತುದಿಯನ್ನು ಪಾದದ ಕಿರುಬೆರಳಿನಿಂದ ಸುಮಾರು 15 ಸೆಂಟಿಮೀಟರ್ ಹೊರಗೆ, ತುಸು ಮುಂದೆ ಊರಿ ಹಿಡಿಯಿರಿ. ಮೊಣಕೈ 20ರಿಂದ 30 ಡಿಗ್ರಿಯಷ್ಟು ಮಡಚಿಕೊಂಡಿದ್ದರೆ ಅಳತೆ ಸರಿ. ಭುಜ ಮೇಲೆದ್ದರೆ ಕೋಲು ಉದ್ದವಾಯಿತು, ಮೈ ಆ ಕಡೆಗೆ ಬಾಗಿದರೆ ಗಿಡ್ಡವಾಯಿತು. ಎತ್ತರ ಬದಲಿಸಬಹುದಾದ ಅಲ್ಯೂಮಿನಿಯಂ ಕೋಲಾದರೆ ಗುಂಡಿ ರಂಧ್ರದಿಂದ ಪೂರ್ತಿ ಹೊರಗೆ ಬಂದಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ಅರ್ಧ ಸಿಕ್ಕಿಕೊಂಡ ಗುಂಡಿ ಭಾರ ಬಿದ್ದೊಡನೆ ಜಾರುತ್ತದೆ. ತುದಿಯ ರಬ್ಬರಿನ ಅಡಿಯಲ್ಲಿರುವ ಗೆರೆಗಳು ಸವೆದು ನುಣುಪಾಗಿದ್ದರೆ ರಬ್ಬರನ್ನು ಬದಲಿಸಿ.

ನಡೆಯುವಾಗ ಕೋಲು ಮತ್ತು ನೋವಿನ ಕಾಲು ಒಟ್ಟಿಗೆ ಮುಂದೆ ಹೋಗಲಿ, ಆಮೇಲೆ ಗಟ್ಟಿ ಕಾಲು.

ಕಂಕುಳುಗೋಲು: ಭಾರ ಅಂಗೈಗೆ

ಕಂಕುಳುಗೋಲು ಎಂಬ ಹೆಸರಿದ್ದರೂ ಕಂಕುಳು ಇಲ್ಲಿ ಭಾರ ಹೊರಬಾರದು. ಕೋಲಿನ ಮೇಲ್ತುದಿಗೂ ಕಂಕುಳಿಗೂ ನಡುವೆ ಎರಡು-ಮೂರು ಬೆರಳಿನಷ್ಟು, ಅಂದರೆ ಸುಮಾರು 5 ಸೆಂಟಿಮೀಟರ್ ಜಾಗ ಇರಬೇಕು. ಮೇಲಿನ ಮೆತ್ತೆಯನ್ನು ಪಕ್ಕೆಲುಬಿಗೆ ಒತ್ತಿ ಹಿಡಿದು, ಮೈಭಾರವನ್ನು ಅಂಗೈಯಿಂದ ಹಿಡಿಯ ಮೇಲೆ ಹಾಕಬೇಕು. ಕಂಕುಳಿನ ಮೂಲಕ ಹಾದುಹೋಗುವ ರೇಡಿಯಲ್ ನರ ದಿನಗಟ್ಟಲೆ ಒತ್ತಡಕ್ಕೆ ಸಿಕ್ಕರೆ ಮಣಿಕಟ್ಟನ್ನು ಮೇಲೆತ್ತಲಾಗದೆ ಕೈ ಜೋತುಬೀಳುತ್ತದೆ. ಕಾಲು ಮುರಿದುಕೊಂಡವರು ಕೈಯನ್ನೂ ಕೆಡಿಸಿಕೊಳ್ಳುವುದು ಹೀಗೆ. ಮೆತ್ತಗಿರಲೆಂದು ಮೇಲ್ತುದಿಗೆ ದಪ್ಪ ಬಟ್ಟೆ ಸುತ್ತುವುದು ನನಗೆ ಹಿಡಿಸದ ಉಪಾಯ. ಹಿತವಾದಷ್ಟೂ ಜನ ಅದರ ಮೇಲೆ ಜೋತುಬೀಳುತ್ತಾರೆ. ಕೈ ಜುಮುಗುಟ್ಟತೊಡಗಿದರೆ ಎತ್ತರವನ್ನು ಮತ್ತೆ ನೋಡಿಸಬೇಕು.

ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಎಂಬುದನ್ನು ವೈದ್ಯರಿಂದ ಖಚಿತವಾಗಿ ಕೇಳಿ, ಬರೆಸಿಕೊಳ್ಳಿ. ಭಾರವೇ ಬೇಡ, ಸಮತೋಲಕ್ಕೆ ಕಾಲ್ಬೆರಳು ನೆಲಕ್ಕೆ ತಾಗಿಸಿದರೆ ಸಾಕು, ಸ್ವಲ್ಪ ಭಾರ, ತಡೆದುಕೊಳ್ಳುವಷ್ಟು ಭಾರ, ಪೂರ್ತಿ ಭಾರ: ಇವು ಐದು ಬೇರೆ ಬೇರೆ ಆದೇಶಗಳು. ‘ಸ್ವಲ್ಪ’ ಎಂದರೆ ಎಷ್ಟು ಕಿಲೋ ಎಂದು ತಿಳಿದ ಮೇಲೆ, ತೂಕ ನೋಡುವ ಯಂತ್ರವನ್ನು ನೆಲದ ಮೇಲಿಟ್ಟು, ಕೋಲುಗಳನ್ನು ಊರಿಕೊಂಡು, ಆ ಕಾಲನ್ನು ಅದರ ಮೇಲೆ ಒತ್ತಿ ಅಭ್ಯಾಸ ಮಾಡಬೇಕು. ಮುಳ್ಳನ್ನು ನೋಡುವವರು ಪಕ್ಕದಲ್ಲಿರಲಿ. ಅಂದಾಜಿನ ಭಾರ ಬಹುತೇಕ ಹೆಚ್ಚೇ ಆಗಿರುತ್ತದೆ.

ಮೆಟ್ಟಿಲಿನಲ್ಲಿ ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮತ್ತು ಕೋಲು ಮೊದಲು. ಪಕ್ಕದಲ್ಲಿ ಹಿಡಿದುಕೊಳ್ಳುವ ಕಂಬಿ ಇದ್ದರೆ ಬಿಡಬೇಡಿ. ನೆರವಿಗೆ ನಿಲ್ಲುವವರು ಎರಡೂ ಸಲ ಕೆಳಗಿನ ಮೆಟ್ಟಿಲಿನಲ್ಲಿ, ದುರ್ಬಲ ಬದಿಗೆ ಇರಬೇಕು. ತೋಳು ಹಿಡಿದು ಎಳೆಯಬಾರದು, ಸೊಂಟದ ಪಟ್ಟಿಯನ್ನು ಹಿಡಿಯಬೇಕು.

ವಾಕರ್ ಬಗ್ಗೆ ಹೇಳುವುದು ಕಡಿಮೆ. ನಾಲ್ಕೂ ಕಾಲು ನೆಲ ಮುಟ್ಟಿದ ಮೇಲೆ ಹೆಜ್ಜೆ ಇಡಿ, ಮುಂದಿನ ಸರಳಿಗೆ ತಾಗುವಷ್ಟು ಒಳಗೆ ಹೋಗಬೇಡಿ. ಕುರ್ಚಿಯಿಂದ ಏಳುವಾಗ ವಾಕರನ್ನು ಹಿಡಿದು ಎಳೆಯದೆ ಕುರ್ಚಿಯ ಕೈಗಳನ್ನು ಒತ್ತಿ ಎದ್ದು, ಆಮೇಲೆ ಹಿಡಿಯಿರಿ. ಚಕ್ರವಿರುವ ವಾಕರ್ ಪೂರ್ತಿ ಮೈಭಾರ ಆನಿಸಿ ನಡೆಯಬೇಕಾದವರಿಗೆ ಹೇಳಿದ್ದಲ್ಲ.

ಪಾದದ ಪಟ್ಟಿ ಮತ್ತು ಚರ್ಮ

ಪಾರ್ಶ್ವವಾಯು ಅಥವಾ ನರದ ಗಾಯದಿಂದ ಪಾದ ಮೇಲೇಳದೆ ನೆಲಕ್ಕೆ ಎಳೆಯುವವರಿಗೆ ಮೀನಖಂಡದಿಂದ ಪಾದದಡಿಯವರೆಗೆ ಹೊಂದುವ ಪ್ಲಾಸ್ಟಿಕ್ ಆಧಾರ ಕೊಡುತ್ತಾರೆ. ಆಸ್ಪತ್ರೆಯ ಭಾಷೆಯಲ್ಲಿ ಅದು ಎಎಫ್‌ಓ. ಹಾಕುವ ಕ್ರಮಕ್ಕೆ ಅರ್ಥವಿದೆ. ಮಂಡಿಯವರೆಗಿನ ಹತ್ತಿಯ ಕಾಲುಚೀಲವನ್ನು ಸುಕ್ಕಿಲ್ಲದಂತೆ ಎಳೆದುಕೊಳ್ಳಿ. ಕುಳಿತು ಮಂಡಿ ಮಡಚಿ, ಹಿಮ್ಮಡಿಯನ್ನು ಹಿಂದಕ್ಕೆ ಕೆಳಕ್ಕೆ ಪೂರ್ತಿ ಕೂರಿಸಿ. ಮೊದಲು ಪಾದದ ಕೀಲಿನ ಪಟ್ಟಿ, ಆಮೇಲೆ ಮೀನಖಂಡದ್ದು. ಹಿಮ್ಮಡಿ ಕೂರದೆ ಮೇಲಿನ ಪಟ್ಟಿ ಬಿಗಿದರೆ ಪ್ರತಿ ಹೆಜ್ಜೆಗೂ ಪಾದ ಒಳಗೆ ಜಾರಿ ಚರ್ಮ ಉಜ್ಜುತ್ತದೆ. ಬೂಟು ಇಲ್ಲದೆ ಅದನ್ನು ಹಾಕಿ ನಡೆಯಬಾರದು, ನುಣುಪು ನೆಲದಲ್ಲಿ ಜಾರುತ್ತದೆ.

ಮೊದಲ ದಿನ ಒಂದು ಗಂಟೆ ಸಾಕು. ತೆಗೆದು, ಬೆಳಕಿಗೆ ಹಿಡಿದು ನೋಡಿ: ಪಾದದ ಕೀಲಿನ ಎರಡೂ ಬದಿಯ ಮೂಳೆಯುಬ್ಬುಗಳು, ಹಿಮ್ಮಡಿ, ಕಿರುಬೆರಳ ಕಡೆಯ ಪಾದದಂಚು, ಮಂಡಿಯ ಕೆಳಗೆ ಹೊರಬದಿಯಲ್ಲಿ ಕೈಗೆ ಸಿಗುವ ಮೂಳೆಯ ತಲೆ. ಈ ಕೊನೆಯದನ್ನು ಮರೆಯುವವರೇ ಹೆಚ್ಚು. ಆದರೆ ಪಾದವನ್ನು ಎತ್ತುವ ನರ ಅಲ್ಲಿಯೇ ಚರ್ಮದ ಅಡಿಯಲ್ಲಿ ಸುತ್ತಿ ಹೋಗುತ್ತದೆ. ಕೆಂಪು 20-30 ನಿಮಿಷದಲ್ಲಿ ಮಾಯವಾದರೆ ಚಿಂತೆಯಿಲ್ಲ, ಮರುದಿನದಿಂದ ಹೊತ್ತನ್ನು ನಿಧಾನವಾಗಿ ಹೆಚ್ಚಿಸಬಹುದು. ಮಾಯವಾಗದಿದ್ದರೆ, ಗುಳ್ಳೆ ಎದ್ದರೆ, ಬಳಕೆ ನಿಲ್ಲಿಸಿ ತಯಾರಿಸಿದವರ ಬಳಿಗೇ ಹೋಗಿ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದು. ಸುತ್ತಲಿಗಿಂತ ಕಡುಬಣ್ಣ, ಬಿಸುಪು, ಗಡಸುತನ ಇದೆಯೇ ಎಂದು ಕೈಯ ಹಿಂಬದಿಯಿಂದ ಮುಟ್ಟಿ ತಿಳಿಯಬೇಕು. ಮಧುಮೇಹದಿಂದ ಪಾದದ ಸ್ಪರ್ಶ ಹೋದವರಿಗೆ ನೋವು ಎಚ್ಚರಿಕೆ ಕೊಡುವುದೇ ಇಲ್ಲ. ಅವರು ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲನ್ನು ಪ್ರತಿದಿನ ನೋಡಿಕೊಳ್ಳಬೇಕು.

ಒತ್ತುವ ಜಾಗಕ್ಕೆ ಹತ್ತಿ ತುರುಕಬೇಡಿ. ಜಾಗ ಇನ್ನಷ್ಟು ಕಿರಿದಾಗಿ ಒತ್ತಡ ಏರುತ್ತದೆ. ಮನೆಯಲ್ಲೇ ಕಾಯಿಸಿ ಬಗ್ಗಿಸುವ ಸಾಹಸವೂ ಬೇಡ.

ಏಳುವ ಮುನ್ನ, ಎದ್ದ ಮೇಲೆ

ಬಹಳ ದಿನ ಮಲಗಿದ್ದವರು ಒಮ್ಮೆಲೇ ಎದ್ದರೆ ರಕ್ತದೊತ್ತಡ ಇಳಿಯುತ್ತದೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ವೈದ್ಯರಿಗೆ ತಿಳಿಸಲೇಬೇಕು. ಹಾಸಿಗೆಯಂಚಿನಲ್ಲಿ ಕುಳಿತು ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಎದ್ದು ಕ್ಷಣ ನಿಂತು, ತಲೆ ಸುತ್ತದಿದ್ದರೆ ಮಾತ್ರ ಹೆಜ್ಜೆ ಇಡಿ.

ಸೊಂಟದ ಕೀಲು ಬದಲಿಸಿಕೊಂಡವರಿಗೆ, ಶಸ್ತ್ರಚಿಕಿತ್ಸೆ ಹಿಂಬದಿಯಿಂದ ಆಗಿದ್ದರೆ, ಸಾಮಾನ್ಯವಾಗಿ ಮೂರು ನಿಷೇಧಗಳಿರುತ್ತವೆ: ಸೊಂಟ 90 ಡಿಗ್ರಿಗಿಂತ ಹೆಚ್ಚು ಬಗ್ಗಬಾರದು, ಕಾಲ ಮೇಲೆ ಕಾಲು ಹಾಕಬಾರದು, ಕಾಲನ್ನು ಒಳಕ್ಕೆ ತಿರುಗಿಸಬಾರದು. ಮುಂಬದಿಯಿಂದ ಆಗಿದ್ದರೆ ನಿಯಮಗಳು ಬೇರೆ, ಕೆಲವು ವೈದ್ಯರು ಹೇಳುವುದೂ ಇಲ್ಲ. ನಿಮ್ಮ ವೈದ್ಯರು ಹೇಳಿದ್ದೇ ನಿಮಗೆ ನಿಯಮ. ಈ ಮೂರನ್ನೂ ಕುರ್ಚಿಯಲ್ಲಿ, ಮಂಚದಲ್ಲಿ ಪಾಲಿಸಿದವರು ಕೈಯಿಂದ ಜಾರಿದ ಊರುಗೋಲನ್ನು ಎತ್ತಿಕೊಳ್ಳಲು ತಟ್ಟನೆ ಬಗ್ಗುತ್ತಾರೆ. ಕೋಲು ಬಿದ್ದಲ್ಲೇ ಇರಲಿ, ಯಾರನ್ನಾದರೂ ಕರೆಯಿರಿ.

ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ತಿಕ್ಕಬೇಡಿ, ಎಣ್ಣೆ ಹಚ್ಚಬೇಡಿ, ವ್ಯಾಯಾಮವನ್ನೂ ನಿಲ್ಲಿಸಿ. ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ವೈದ್ಯರಿಗೆ ತೋರಿಸಿ. ಜೊತೆಗೆ ಏದುಸಿರು, ಎದೆನೋವು ಬಂದರೆ ಅದು ತುರ್ತು ಚಿಕಿತ್ಸೆಯ ವಿಷಯ. ಫಿಸಿಯೋಥೆರಪಿಯ ಮುಂದಿನ ದಿನಾಂಕಕ್ಕೆ ಕಾಯುವ ಮಾತೇ ಇಲ್ಲ.