‘ಅಷ್ಟೊತ್ತಿಗಾಗಲೇ’ ಹಿಡಿದುಕೊಂಡು ‘ಹ್ಯಾಡ್’ ಕಲಿಸಿದ್ದು: ನನ್ನ ಅನುಭವ

ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಮಾತಾಡಿದರೆ ಹುಡುಗರು ಫೀಸ್ ವಾಪಸ್ ಕೇಳ್ತಾರೆ ಅಂತ ದಾವಣಗೆರೆಯಲ್ಲಿ ನನಗೆ ಹೇಳಿದವರು ಒಬ್ಬರಲ್ಲ, ಇಬ್ಬರಲ್ಲ. ಆದರೆ ಪಾಸ್ಟ್ ಪರ್ಫೆಕ್ಟ್, ಅಂದರೆ ‘ಹ್ಯಾಡ್ ಗಾನ್’, ‘ಹ್ಯಾಡ್ ಸೀನ್’ ಥರದ ಮಾತು, ನನ್ನ ಹುಡುಗರ ಬಾಯಲ್ಲಿ ಕೂತಿದ್ದು ಕನ್ನಡದಿಂದಲೇ. ಈಗ ಐದಾರು ಬ್ಯಾಚ್ ಮುಗಿದಿವೆ. ಧೈರ್ಯವಾಗಿ ಬರೀತಿದ್ದೇನೆ.

ತೊಂದರೆ ಏನು ಅಂತ ಪಾಠ ಮಾಡೋ ಎಲ್ಲರಿಗೂ ಗೊತ್ತು. ನಿನ್ನೆ ಏನು ಮಾಡಿದೆ ಅಂತ ಕೇಳಿದರೆ ಹುಡುಗ ‘ಐ ಹ್ಯಾಡ್ ಗಾನ್ ಟು ಹರಿಹರ’ ಅಂತಾನೆ. ಇಂಗ್ಲಿಷ್ ಮನೆಮಾತಿನವರು ‘ಐ ವೆಂಟ್ ಟು ಹರಿಹರ’ ಅಂತಾರೆ, ಇಲ್ಲಾಂದ್ರೆ ‘ಐ ವಾಸ್ ಇನ್ ಹರಿಹರ’. ಅವರ ಕಿವಿಗೆ ಬರೀ ‘ಹ್ಯಾಡ್ ಗಾನ್’ ಬಿದ್ದರೆ ಮಾತು ಅರ್ಧಕ್ಕೆ ನಿಂತ ಹಾಗೆ. ಹೋಗಿದ್ದೆ ಸರಿ, ಆಗ ಏನಾಯ್ತು ಅಂತ ಕಾಯ್ತಾರೆ.

ಮೊದಲು ನಾನೂ ಬೋರ್ಡಿನ ಮೇಲೆ ಕಾಲ ಅಂತ ಉದ್ದ ಗೆರೆ ಎಳೆದು, ಮೊದಲು ಆಗಿದ್ದಕ್ಕೊಂದು, ಆಮೇಲೆ ಆಗಿದ್ದಕ್ಕೊಂದು ಚುಕ್ಕಿ ಇಟ್ಟು ಕಲಿಸಿದೆ. ಗೆರೆಯ ಚಿತ್ರವನ್ನು ಬಣ್ಣದಲ್ಲಿ ಫ್ಲೆಕ್ಸ್ ಮಾಡಿಸಿ ಗೋಡೆಗೆ ಹಾಕಿದೆ, ಮೂರೂವರೆ ಸಾವಿರ ಹೋಯ್ತು. ಆಮೇಲೆ ಒಂದು ವಿಡಿಯೋ ಕೋರ್ಸ್ ಕೊಂಡೆ, ಅದಕ್ಕೆ ಏಳೋ ಎಂಟೋ ಸಾವಿರ. ಅದರ ಪಾಠ ಚೆನ್ನಾಗೇ ಇತ್ತು, ಆದರೆ ಕನ್ನಡದವರಿಗೆ ಮಾಡಿದ್ದಲ್ಲ. ಹುಡುಗರು ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ಸರಿಯಾಗಿ ತುಂಬುತ್ತಿದ್ದರು. ಹೊರಗೆ ಚಹಾ ಕುಡಿಯುವಾಗ ಮತ್ತೆ ‘ಐ ಹ್ಯಾಡ್ ಗಾನ್’. ಒಂದು ಬ್ಯಾಚಿನಲ್ಲಿ ಹದಿನೆಂಟು ಜನ ಇದ್ದವರು ಹನ್ನೊಂದಕ್ಕೆ ಇಳಿದರು. ತಲೆಗೆ 1,800 ರೂಪಾಯಿ ಫೀಸಿನಲ್ಲಿ ಆ ಏಳು ಜನರ ಎರಡನೇ ಕಂತು ಬರಲೇ ಇಲ್ಲ. ಆ ತಿಂಗಳ ಬಾಡಿಗೆ ಕೈಯಿಂದ ಕಟ್ಟಿದೆ.

ಆಗ ಕೂತು ಯೋಚಿಸಿದೆ. ಹುಡುಗ ಸುಮ್ನೆ ತಪ್ಪು ಮಾಡ್ತಿಲ್ಲ, ಅವನ ತಲೆಯಲ್ಲಿ ‘ಹರಿಹರಕ್ಕೆ ಹೋಗಿದ್ದೆ’ ಅಂತ ಇದೆ. ನಾವು ‘ನಿನ್ನೆ ಹರಿಹರಕ್ಕೆ ಹೋದೆ’ ಅಂತ ಅಷ್ಟಾಗಿ ಹೇಳೋದಿಲ್ಲ ಅಲ್ವಾ? ‘ಹೋಗಿದ್ದೆ’ ಅಂದರೆ ಹೋಗಿ ಬಂದಾಯ್ತು, ಕೆಲಸ ಮುಗೀತು ಅಂತ. ‘ನಿಮ್ಮ ತಮ್ಮ ಬಂದಿದ್ದ’ ಅಂದರೆ ಬಂದು ಹೋದ ಅಂತ. ಇಂಗ್ಲಿಷಿನಲ್ಲಿ ಅದಕ್ಕೆ ‘ಯುವರ್ ಬ್ರದರ್ ಕೇಮ್ ಬೈ’ ಸಾಕು. ನಮ್ಮ ‘ಇದ್ದೆ’ ಕಂಡ ಕೂಡಲೇ ಹುಡುಗರು ಹ್ಯಾಡ್ ಹಾಕ್ತಾರೆ. ನಮ್ಮ ‘ಇದ್ದೆ’ ಎರಡು ಕೆಲಸ ಮಾಡುತ್ತೆ: ಆಗಿ ಮುಗೀತು ಅಂತಲೂ ಹೇಳುತ್ತೆ, ಇನ್ನೊಂದಕ್ಕಿಂತ ಮೊದಲೇ ಆಗಿತ್ತು ಅಂತಲೂ ಹೇಳುತ್ತೆ. ಅವರ ಹ್ಯಾಡ್‌ಗೆ ಅದರಲ್ಲಿ ಎರಡನೇ ಕೆಲಸ ಮಾತ್ರ.

ಹಾಗಾಗಿ ಒಂದು ಪದ ಕೊಟ್ಟೆ: ‘ಅಷ್ಟೊತ್ತಿಗಾಗಲೇ’. ಕನ್ನಡದ ಮಾತಿಗೆ ಅದನ್ನು ಸೇರಿಸಿ ನೋಡು. ಕೂತರೆ ಹ್ಯಾಡ್ ಹಾಕು, ಕೂರದಿದ್ದರೆ ಸಿಂಪಲ್ ಪಾಸ್ಟ್, ಅಂದರೆ ಬರೀ ‘ವೆಂಟ್’, ‘ಕೇಮ್’. ‘ನಿನ್ನೆ ಅಷ್ಟೊತ್ತಿಗಾಗಲೇ ಹರಿಹರಕ್ಕೆ ಹೋಗಿದ್ದೆ’ ಅಂದರೆ ಎಷ್ಟೊತ್ತಿಗೆ ಅಂತ ಪಕ್ಕದವನೇ ಕೇಳ್ತಾನೆ. ಅದಕ್ಕೆ ಉತ್ತರ ಇಲ್ಲ, ಹಾಗಾಗಿ ‘ವೆಂಟ್’. ‘ನಾನು ಮದುವೆ ಮನೆ ತಲುಪೋ ಹೊತ್ತಿಗೆ ಊಟ ಮುಗಿದಿತ್ತು’ ಅನ್ನೋದಕ್ಕೆ ಸೇರಿಸಿ, ಸಲೀಸಾಗಿ ಕೂರುತ್ತೆ. ‘ಬೈ ದ ಟೈಮ್ ಐ ಗಾಟ್ ದೇರ್, ದೇಡ್ ಫಿನಿಶ್ಡ್ ಈಟಿಂಗ್.’ (‘ದೇಡ್’ ಅಂದರೆ ‘ದೇ ಹ್ಯಾಡ್’, ‘ಐಡ್’ ಅಂದರೆ ‘ಐ ಹ್ಯಾಡ್’.) ನಾನು ತಲುಪಿದ್ದು ಗೂಟ, ಊಟ ಮುಗಿದಿದ್ದು ಅದಕ್ಕೂ ಮುಂಚೆ. ಆಗಿಹೋದ ಕಾಲದಲ್ಲಿ ಇಂಥ ಒಂದು ಗೂಟ ಇಲ್ಲದೆ ಹ್ಯಾಡ್ ಕಟ್ಟಬಾರದು.

ಎರಡನೇ ವಾರ ಈ ಉಪಾಯ ‘ಇಲ್ಲ’ ಬರುವ ಕಡೆ ಕೈಕೊಟ್ಟಿತು. ‘ಬಂದಿರಲಿಲ್ಲ’, ‘ನೋಡಿರಲಿಲ್ಲ’ ಇವಕ್ಕೆ ಅಷ್ಟೊತ್ತಿಗಾಗಲೇ ಒಗ್ಗೋದಿಲ್ಲ. ಅಲ್ಲಿಗೆ ‘ಅಲ್ಲಿವರೆಗೆ’ ಬೇಕು. ‘ಅಲ್ಲಿವರೆಗೆ ಸಮುದ್ರ ನೋಡಿರಲಿಲ್ಲ’ ಸರಿಹೋಗುತ್ತೆ, ‘ಐಡ್ ನೆವರ್ ಸೀನ್ ದ ಸೀ’. ‘ನಿನ್ನೆ ಕ್ಲಾಸಿಗೆ ಬಂದಿರಲಿಲ್ಲ’ ಅನ್ನೋದಕ್ಕೆ ಹೊಂದೋದಿಲ್ಲ, ‘ಐ ಡಿಡ್ನ್ಟ್ ಕಮ್’ ಅಷ್ಟೇ. ಈ ಎರಡು ಪದ ಸಿಗೋಕೆ ನನಗೆ ಒಂದೂವರೆ ವರ್ಷ ಬೇಕಾಯ್ತು.

ಇನ್ನು ಗ್ರಾಮರ್ ಪುಸ್ತಕದ, ಡಾಕ್ಟರ್ ಬರುವ ಮೊದಲೇ ರೋಗಿ ಸತ್ತ ಆ ಹಳೇ ವಾಕ್ಯ, ‘ದ ಪೇಷಂಟ್ ಹ್ಯಾಡ್ ಡೈಡ್ ಬಿಫೋರ್ ದ ಡಾಕ್ಟರ್ ಕೇಮ್’. ಅದನ್ನು ನಾನು ಬಿಟ್ಟೇಬಿಟ್ಟೆ. ‘ಬಿಫೋರ್’, ‘ಆಫ್ಟರ್’ ಇದ್ದರೆ ಯಾವುದು ಮೊದಲು ಅಂತ ಆ ಪದವೇ ಹೇಳುತ್ತೆ. ಮಾತಿನಲ್ಲಿ ಇಂಗ್ಲಿಷಿನವರು ಅಲ್ಲಿ ಎಷ್ಟೋ ಸಲ ‘ದ ಪೇಷಂಟ್ ಡೈಡ್ ಬಿಫೋರ್ ದ ಡಾಕ್ಟರ್ ಕೇಮ್’ ಅಂದು ಮುಗಿಸ್ತಾರೆ. ಹ್ಯಾಡ್ ನಿಜವಾಗಿ ಬೇಕಾಗೋದು ‘ವೆನ್’ ಬಂದಾಗ. ‘ವೆನ್ ದ ಡಾಕ್ಟರ್ ಕೇಮ್, ದ ಪೇಷಂಟ್ ಡೈಡ್’ ಅಂದರೆ ಡಾಕ್ಟರ್ ಬಂದ ಮೇಲೆ ಜೀವ ಹೋಯ್ತು ಅಂತಾಗುತ್ತೆ. ‘ಹ್ಯಾಡ್ ಡೈಡ್’ ಅಂದರೆ ಬರೋ ಹೊತ್ತಿಗೇ ಹೋಗಿತ್ತು. ಇದೊಂದನ್ನು ನರ್ಸಿಂಗ್ ಹುಡುಗಿಯರಿಗೆ ಹೇಳಿದಾಗ ಇಡೀ ಕ್ಲಾಸ್ ನೆಟ್ಟಗೆ ಕೂತಿತು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಅಕ್ಕನ ಮಗಳು ಇಂಗ್ಲೆಂಡಿನ ಲೆಸ್ಟರಿನಲ್ಲಿ ಕೆಲಸಕ್ಕಿದ್ದಾಳೆ. ಜೊತೆಯವರ ಬಾಯಲ್ಲಿ ಹ್ಯಾಡ್ ಕೇಳಿದಾಗೆಲ್ಲ ವಾಕ್ಯ ಬರೆದಿಡು ಮಾರಾಯ್ತಿ ಅಂದೆ. ಹತ್ತು ದಿನಕ್ಕೆ ಮೂವತ್ತು ಚಿಲ್ಲರೆ ವಾಕ್ಯ ಕಳಿಸಿದಳು. ಅರ್ಧಕ್ಕೂ ಜಾಸ್ತಿ ಇಂಥವೇ: ‘ಐಡ್ ಫರ್ಗಾಟನ್’, ‘ಐ ಹ್ಯಾಡ್ನ್ಟ್ ರಿಯಲೈಸ್ಡ್’, ‘ಐ ಥಾಟ್ ಯೂಡ್ ಗಾನ್ ಹೋಮ್’. ಕೊನೆಯದರಲ್ಲಿ ‘ಥಾಟ್’ ಅನ್ನೋದೇ ಗೂಟ. ಮೊದಲೆರಡರಲ್ಲಿ ಗೂಟ ಹೊರಗೆ ಕಾಣೋದಿಲ್ಲ. ಈಗ ನೆನಪಾಯ್ತು, ಅಲ್ಲಿವರೆಗೆ ಮರೆತಿದ್ದೆ ಅನ್ನೋದು ಒಳಗೇ ಇದೆ. ಇನ್ನೊಂದು ವಿಷಯ. ಐ, ಯೂ, ಹೀ, ದೇ ಪಕ್ಕದಲ್ಲಿ ಪೂರ್ತಿ ‘ಹ್ಯಾಡ್’ ಬಂದಿದ್ದು ಒಂದೆರಡು ಕಡೆ, ಒತ್ತಿ ಹೇಳುವಾಗ ಮಾತ್ರ. ಉಳಿದ ಕಡೆ ಬರೀ ‘ಡ್’. ನಮ್ಮ ಹುಡುಗರಿಗೆ ಅದು ಕೇಳಿಸೋದೇ ಇಲ್ಲ.

ಆ ‘ಡ್’ ‘ವುಡ್’ ಕೂಡ ಆಗಬಹುದು. ಮುಂದೆ ‘ಗಾನ್’ ಬಂದರೆ ಹ್ಯಾಡ್, ‘ಗೋ’ ಬಂದರೆ ವುಡ್. ‘ಕಮ್’, ‘ಪುಟ್’, ‘ಕಟ್’ ಎರಡರ ಮುಂದೆಯೂ ಹಾಗೇ ಇರುತ್ತವೆ, ಅವು ಬಂದರೆ ಅಕ್ಕಪಕ್ಕದ ಮಾತು ನೋಡಬೇಕು. ‘ಇಫ್ ಐಡ್ ನೋನ್, ಐಡ್ ಹ್ಯಾವ್ ಕಮ್’ ಅನ್ನೋದರಲ್ಲಿ ಎರಡೂ ಇವೆ, ಮೊದಲನೆಯದು ಹ್ಯಾಡ್, ಎರಡನೆಯದು ವುಡ್. ಇದನ್ನು ಮಾತ್ರ ಕನ್ನಡ ಕೈಹಿಡಿದು ಕಲಿಸುತ್ತೆ: ‘ಗೊತ್ತಿದ್ದಿದ್ರೆ ಬರ್ತಿದ್ದೆ’. ‘ಇದ್ದಿದ್ರೆ’ ಕಂಡರೆ ಹ್ಯಾಡ್, ಅದರ ಜೊತೆ ‘ತಿದ್ದೆ’ ಕಂಡರೆ ‘ವುಡ್ ಹ್ಯಾವ್’. ಹತ್ತು ನಿಮಿಷದ ಪಾಠ. ಫ್ಲೆಕ್ಸಿನ ಮುಂದೆ ಇದಕ್ಕೇ ಮೂರು ದಿನ ಹೋಗ್ತಿತ್ತು.

ಎಷ್ಟು ಕೆಲಸ ಮಾಡಿತು ಅಂತ ನಾನೇ ಎಣಿಸಿದೆ. ಮೊದಲ ದಿನ ಪ್ರತಿಯೊಬ್ಬರೂ ನಿನ್ನೆಯ ಕಥೆ ಎರಡು ನಿಮಿಷ ಹೇಳಬೇಕು, ಮೊಬೈಲಿನಲ್ಲಿ ರೆಕಾರ್ಡ್ ಮಾಡ್ತೇನೆ. ತಲೆಗೆ ಎಂಟೊಂಬತ್ತು ಬೇಡದ ಹ್ಯಾಡ್ ಇರುತ್ತಿದ್ದವು. ಮೂರು ವಾರದ ಮೇಲೆ ಒಂದೋ ಎರಡೋ. ಕನ್ನಡ ಬೇಡ ಅಂದಿದ್ದ ಒಬ್ಬ ಮೇಷ್ಟ್ರು ಆ ರೆಕಾರ್ಡಿಂಗ್ ಕೇಳಿ, ಹೋಗುವಾಗ ನನ್ನ ಬೋರ್ಡಿನ ಫೋಟೋ ತೆಗೆದುಕೊಂಡು ಹೋದರು. ನನಗೆ ಹೆಮ್ಮೆ ಆಯ್ತು. ಮೂರನೇ ದಿನ ಆಡಿಸೋ ಆಟ ಒಂದಿದೆ, ಅರ್ಧ ಕೆಲಸ ಅದರದ್ದೇ. ಅದನ್ನು ಅವರಿಗೆ ಹೇಳಲಿಲ್ಲ, ಇಲ್ಲೂ ಬರೆಯೋದಿಲ್ಲ. ನನ್ನ ಹೊಟ್ಟೆಪಾಡು ಅದರ ಮೇಲಿದೆ.

ಇನ್ನೂ ಬಗ್ಗದೆ ಉಳಿದಿರೋದು ಆಫೀಸಿನ ‘ಹೇಳಿದ್ದೆ ಅಲ್ವಾ’, ‘ಮೇಲ್ ಕಳಿಸಿದ್ದೆ’. ‘ಐ ಹ್ಯಾಡ್ ಸೆಂಟ್ ಯು ದ ಮೇಲ್’ ಅನ್ನೋದು ಬೆಂಗಳೂರಿನಲ್ಲಿ ಮ್ಯಾನೇಜರ್‌ಗಳ ಬಾಯಲ್ಲೂ ಇದೆ. ಹಾಗಾಗಿ ‘ಐ ಸೆಂಟ್’ ಸಾಕು ಅಂದರೆ ಹುಡುಗರು ನಂಬೋದಿಲ್ಲ. ಈ ಬ್ಯಾಚಿನಲ್ಲಿ ‘ಕಳಿಸಿದ್ದೆ’ ಅಂದವರಿಗೆಲ್ಲ ಕಳಿಸಿದ ಗಂಟೆ ಹೇಳಿಸ್ತಿದ್ದೇನೆ. ‘ಐ ಸೆಂಟ್ ಇಟ್ ಅಟ್ ಟೆನ್.’ ಗಂಟೆ ಬಾಯಿಗೆ ಬಂದರೆ ಹ್ಯಾಡ್ ತಾನಾಗೇ ಬಿದ್ದುಹೋಗುತ್ತೆ. ಹದಿನಾಲ್ಕು ಜನರಲ್ಲಿ ಆರು ಜನರಿಗೆ ಹತ್ತಿದೆ.