ಬೈಬಲಿನ ಅರಸುಗಳ ಪುಸ್ತಕ: ಯಾವ ಅರಸನ ತಪ್ಪು ಯಾವ ಬಗೆಯದು ಎಂದು ಪಟ್ಟಿ ಮಾಡುವ ಕ್ರಮ

ಅಗಲವಾದ ಹಾಳೆಯನ್ನು ಅಡ್ಡ ಇಟ್ಟುಕೊಳ್ಳಿ. ಒಬ್ಬ ಅರಸನಿಗೆ ಒಂದು ಸಾಲು: ಉತ್ತರದ ಇಸ್ರಾಯೇಲಿಗೆ 19 ಸಾಲು. ದಕ್ಷಿಣದ ಯೆಹೂದಕ್ಕೆ, ರಾಣಿ ಅತಲ್ಯಳನ್ನೂ ಸೇರಿಸಿ, 20. ರಾಜ್ಯ ಹೀಗೆ ಎರಡಾಗುವ ಮೊದಲು ಆಳಿದ ಸೊಲೊಮೋನನಿಗೆ ಇವೆರಡಕ್ಕೂ ಮೇಲೆ ಪ್ರತ್ಯೇಕ ಸಾಲು ಬೇಕು.

ಸಾಲು ತುಂಬುವ ಮೊದಲು ಧರ್ಮೋಪದೇಶಕಾಂಡ 17:14-20 ಓದಿ. ಅರಸನು ಕುದುರೆ, ಹೆಂಡತಿಯರು, ಬೆಳ್ಳಿಬಂಗಾರ ಇವುಗಳನ್ನು ಹೆಚ್ಚಿಸಿಕೊಳ್ಳಬಾರದು. ಧರ್ಮಶಾಸ್ತ್ರದ ಪ್ರತಿ ಬರೆದಿಟ್ಟುಕೊಂಡು ದಿನವೂ ಓದಬೇಕು. ಈ ಅಳತೆಗೋಲು ಹಿಡಿದು ಅರಸುಗಳ ಮೊದಲ ಪುಸ್ತಕದ 10-11ನೆಯ ಅಧ್ಯಾಯಗಳಿಗೆ (1 ಅರಸು 10-11) ಬಂದರೆ ಸೊಲೊಮೋನನಿಗೆ ವರ್ಷಕ್ಕೆ 666 ತಲಾಂತು (ಹಳೆಯ ಕಾಲದ ಒಂದು ತೂಕ) ಬಂಗಾರ, 1,400 ರಥ, ಐಗುಪ್ತದ ಕುದುರೆ, 700 ಪತ್ನಿಯರು, 300 ಉಪಪತ್ನಿಯರು. ಅಷ್ಟೋರೆತ್, ಕೆಮೋಷ ಎಂಬ ಅನ್ಯದೇವರುಗಳ ಹೆಸರು ಬರುವುದು ಇವೆಲ್ಲ ಆದ ಮೇಲೆ. ವೈಭವದ ವರ್ಣನೆ ಎಂದು ಓದಿಕೊಂಡು ಹೋಗುವ 10ನೆಯ ಅಧ್ಯಾಯವೇ ಮೊದಲ ದೋಷಾರೋಪ.

ಈಗ ಅಂಕಣಗಳು. ಹೆಚ್ಚಿನವರು ಎಡವುವುದು ಇಲ್ಲೇ: ‘ವಿಗ್ರಹಾರಾಧನೆ’ ಎಂದು ಒಂದೇ ಅಂಕಣ ಹಾಕಿ ಎಲ್ಲವನ್ನೂ ಅದರಲ್ಲಿ ತುರುಕುತ್ತಾರೆ. ಕನಿಷ್ಠ ಮೂರು ಬೇಕು. ಒಂದು, ಬಾಳನಂಥ ಅನ್ಯದೇವರು. ಎರಡು, ಉತ್ತರದ ಮೊದಲ ಅರಸ ಯಾರೊಬ್ಬಾಮನ ಪಾಪ: ಬೇತೇಲ್ ಮತ್ತು ದಾನಿನ ಚಿನ್ನದ ಕರುಗಳು, ಲೇವಿಯರಲ್ಲದ (ಯಾಜಕಸೇವೆಗೆ ಗೊತ್ತಾದ ಕುಲದವರಲ್ಲದ) ಯಾಜಕರು, ಎಂಟನೆಯ ತಿಂಗಳ 15ನೆಯ ದಿನ ತಾನೇ ಗೊತ್ತುಮಾಡಿದ ಹಬ್ಬ. ಇವನು ಕರುಗಳನ್ನು ಜನರಿಗೆ ತೋರಿಸಿದ್ದು ‘ಐಗುಪ್ತದಿಂದ ಬರಮಾಡಿದ ದೇವರು’ ಎಂದೇ. ಯೆರೂಸಲೇಮಿಗೆ ಹೋದ ಜನ ದಕ್ಷಿಣದ ಅರಸ ರೆಹಬ್ಬಾಮನ ಕಡೆ ವಾಲಿಬಿಟ್ಟಾರೆಂಬ ರಾಜಕೀಯ ಭಯ ಇದರ ಹಿಂದಿತ್ತು (1 ಅರಸು 12). ಮೂರು, ಪೂಜಾಸ್ಥಳಗಳು, ಅಂದರೆ ಯೆರೂಸಲೇಮಿನ ಆಲಯದ ಹೊರಗೆ ಗುಡ್ಡ ಮುಂತಾದೆಡೆ ಜನ ಬಲಿ, ಧೂಪ ಅರ್ಪಿಸುತ್ತಿದ್ದ ಜಾಗಗಳು.

ಅಂಕಣ ಸರಿಯಾಗಿದೆಯೇ ಎಂದು ಉತ್ತರದ ಅರಸ ಯೇಹುವಿನ ಸಾಲಿನಿಂದ ಪರೀಕ್ಷಿಸಿ. ಬಾಳನ ಗುಡಿಯನ್ನೇ ಕೆಡವಿದವನು ಕರುಗಳನ್ನು ಮುಟ್ಟಲಿಲ್ಲ (2 ಅರಸು 10:28-29). ಒಂದೇ ಅಂಕಣದ ಪಟ್ಟಿಯಲ್ಲಿ ಅವನನ್ನು ಕೂರಿಸಲು ಜಾಗವೇ ಇರುವುದಿಲ್ಲ. ಅಹಾಬನ ಸಾಲಿನಲ್ಲಿ ಮೊದಲೆರಡೂ ತುಂಬುತ್ತವೆ. ಯೆಹೂದದ ಆಸ, ಯೆಹೋಷಾಫಾಟರು ಒಳ್ಳೆಯವರೆನಿಸಿಕೊಂಡರೂ ಮೂರನೆಯದು ಖಾಲಿ ಉಳಿಯುವುದಿಲ್ಲ. ಪೂಜಾಸ್ಥಳಗಳನ್ನು ತೆಗೆದವರು ಹಿಜ್ಕೀಯ, ಯೋಷೀಯ ಇಬ್ಬರೇ. ಮೋಶೆ ಮಾಡಿಸಿದ್ದ ತಾಮ್ರದ ಸರ್ಪಕ್ಕೂ ಜನ ಧೂಪ ಹಾಕುತ್ತಿದ್ದುದರಿಂದ ಹಿಜ್ಕೀಯ ಅದನ್ನೂ ಒಡೆದ.

‘ಯೆಹೋವನ ದೃಷ್ಟಿಯಲ್ಲಿ ಕೆಟ್ಟದ್ದು’ ಎಂಬ ತೀರ್ಪಿನ ವಾಕ್ಯ ಭಾಷಾಂತರದಿಂದ ಭಾಷಾಂತರಕ್ಕೆ ಬದಲಾಗುತ್ತದೆ, ಆದ್ದರಿಂದ ಕೊನೆಯತನಕ ಒಂದೇ ಭಾಷಾಂತರ ಬಳಸಿ. ವಾಕ್ಯ ಸಿದ್ಧಮಾದರಿಯದ್ದು ಎಂಬುದೂ ನೆನಪಿರಲಿ: ಏಳೇ ದಿನ ಆಳಿದ ಜಿಮ್ರಿಗೂ ಯಾರೊಬ್ಬಾಮನ ಮಾರ್ಗದಲ್ಲಿ ನಡೆದನೆಂಬ ಮಾತು ಅಂಟಿದೆ. ಒಂದು ತಿಂಗಳು ಆಳಿದ ಶಲ್ಲೂಮನಿಗೆ ತೀರ್ಪೇ ಇಲ್ಲ; ಅಲ್ಲಿ ಊಹಿಸಿ ತುಂಬಬೇಡಿ. ಉತ್ತರದ ಕೊನೆಯ ಅರಸ ಹೋಶೇಯನಿಗೆ ‘ಹಿಂದಿನವರಷ್ಟಲ್ಲ’ ಎಂಬ ರಿಯಾಯಿತಿ ಇದೆ, ಆದರೂ ರಾಜ್ಯ ಬಿದ್ದದ್ದು ಅವನ ಕಾಲದಲ್ಲೇ, ಕ್ರಿ.ಪೂ. 722ರ ಸುಮಾರಿಗೆ.

ಆಳ್ವಿಕೆಯ ವರ್ಷಗಳನ್ನು ಸುಮ್ಮನೆ ಕೂಡಿಸಿದರೆ ಲೆಕ್ಕ ತಪ್ಪುತ್ತದೆ. ಉತ್ತರ ದಕ್ಷಿಣಗಳ ಮೊತ್ತ ತಾಳೆಯಾಗುವುದಿಲ್ಲ. ಅಹಜ್ಯ, ಯೋರಾಮ, ಯೋವಾಷ ಎಂಬ ಹೆಸರುಗಳು ಎರಡೂ ಕಡೆ ಇರುವುದರಿಂದ ತಂದೆಯ ಹೆಸರನ್ನೂ ಬರೆಯಿರಿ.

ಇದೇ ಅರಸರ ಕಥೆ ಹೇಳುವ ಬೈಬಲಿನ ಇನ್ನೊಂದು ಪುಸ್ತಕ ಪೂರ್ವಕಾಲವೃತ್ತಾಂತವನ್ನು ಬೇರೆ ಶಾಯಿಯಲ್ಲಿ ಸೇರಿಸಿ. ಯೆಹೂದವನ್ನು 55 ವರ್ಷ ಆಳಿದ ಮನಸ್ಸೆ ಪಶ್ಚಾತ್ತಾಪಪಟ್ಟನೆಂಬುದು ಅಲ್ಲಿ (2 ಪೂರ್ವಕಾಲ 33) ಮಾತ್ರ ಇದೆ. 2 ಅರಸು 21ರಲ್ಲಿ ಅದರ ಸುಳಿವೂ ಇಲ್ಲ, ಯೆಹೂದದ ನಾಶಕ್ಕೆ ಅಲ್ಲಿ ಅವನೇ ಕಾರಣ.