ಒಂದು ನಿಮಿಷಕ್ಕೆ 14 ಮೈಲಿ

ಡಿಸೆಂಬರ್ ತಿಂಗಳು, ಅಟ್ಲಾಂಟಿಕ್ ಸಾಗರದ ನಡುಭಾಗ. 11 ಮೀಟರ್ ಉದ್ದದ ಹಾಯಿದೋಣಿಯಲ್ಲಿ ನಾವು ಮೂವರು ಪಶ್ಚಿಮಕ್ಕೆ ಹೋಗುತ್ತಿದ್ದೆವು. ಹೊರಡುವ ಮೊದಲೇ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ಜಿಪಿಎಸ್ ಆನ್ ಇರುತ್ತದೆ, ಆದರೆ ಅದನ್ನು ನೋಡುವುದು ಒಬ್ಬನೇ. ಅವನು ದಿನಕ್ಕೆರಡು ಸಲ ನಮ್ಮ ಸ್ಥಾನವನ್ನು ಬೇರೆ ಪುಸ್ತಕದಲ್ಲಿ ಬರೆದಿಡಬೇಕು, ಅಪಾಯ ಅನ್ನಿಸಿದರೆ ಮಾತ್ರ ಬಾಯಿಬಿಡಬೇಕು. ನಾನೂ ಇನ್ನೊಬ್ಬ ಗೆಳೆಯನೂ ಸೆಕ್ಸ್ಟೆಂಟ್ (ಸೂರ್ಯ, ನಕ್ಷತ್ರಗಳ ಎತ್ತರ ಅಳೆಯುವ ಉಪಕರಣ), ಗಡಿಯಾರ, ದಿಕ್ಸೂಚಿ, ಲಾಗ್ ಪುಸ್ತಕ ಇಷ್ಟನ್ನೇ ನಂಬಿ ದಾರಿ ಕಂಡುಕೊಳ್ಳಬೇಕು.

ಈ ಕೆಲಸ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಸೆಕ್ಸ್ಟೆಂಟ್. ನನ್ನ ಪ್ರಕಾರ ಮೊದಲು ಕಲಿಯಬೇಕಾದ್ದು ಡೆಡ್ ರೆಕನಿಂಗ್, ಅಂದರೆ ಡಿಆರ್. ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ, ಎಷ್ಟು ಹೊತ್ತು ಸಾಗಿದೆವು ಅನ್ನುವುದನ್ನು ಚಾರ್ಟಿನ, ಅಂದರೆ ಸಾಗರದ ನಕ್ಷೆಯ ಮೇಲೆ ಗೆರೆ ಎಳೆದು ಇಟ್ಟುಕೊಳ್ಳುವುದು. ಹೇಳಲು ಸುಲಭ, ಅಲ್ವಾ? ಕಷ್ಟ ಇರುವುದು ಇದ್ದದ್ದನ್ನು ಇದ್ದ ಹಾಗೆ ಬರೆಯುವುದರಲ್ಲಿ. ಚುಕ್ಕಾಣಿ ಹಿಡಿದವನಿಗೆ 265 ಡಿಗ್ರಿ ಅಂತ ಹೇಳಿರುತ್ತೇವೆ. ಗಂಟೆ ಕಳೆದ ಮೇಲೆ ಅವನು ಪುಸ್ತಕದಲ್ಲಿ 265 ಅಂತಲೇ ಬರೆಯುತ್ತಾನೆ. ಆದರೆ ಹಿಂದಿನಿಂದ ಅಲೆ ಬಂದು ನೂಕುವಾಗ ದೋಣಿಯ ಮೂತಿ ಮತ್ತೆ ಮತ್ತೆ ಒಂದೇ ಕಡೆಗೆ ತಿರುಗುತ್ತಿರುತ್ತದೆ. ನಿಜವಾಗಿ ಹೋದದ್ದು 270 ಇರಬಹುದು. ಅದಕ್ಕೇ ನಾವು ಹೇಳಿದ ದಿಕ್ಕಿಗೆ ಒಂದು ಕಾಲಂ, ಹೋದ ದಿಕ್ಕಿಗೆ ಇನ್ನೊಂದು ಕಾಲಂ ಮಾಡಿದೆವು. ಆಮೇಲೆ ಡಿಆರ್ ಎಷ್ಟೋ ಸುಧಾರಿಸಿತು.

ವೇಗಕ್ಕೂ ಇದೇ ಮಾತು. ಅಲ್ಲಿ ಸರ್ಗಾಸಮ್ ಪಾಚಿ ತೇಲುತ್ತಿರುತ್ತದೆ. ದೋಣಿಯ ತಳದಲ್ಲಿ ತಿರುಗುವ, ವೇಗ ಅಳೆಯುವ ಲಾಗ್ ಉಪಕರಣದ ಪುಟ್ಟ ಚಕ್ರಕ್ಕೆ ಅದು ಸುತ್ತಿಕೊಂಡರೆ ವೇಗ ಕಡಿಮೆ ತೋರಿಸುತ್ತದೆ. ಅನುಮಾನ ಬಂದಾಗ ಹಳೇ ಉಪಾಯಕ್ಕೇ ಹೋಗುತ್ತಿದ್ದೆವು. ಡೆಕ್ಕಿನ ಅಂಚಿನಲ್ಲಿ 10 ಮೀಟರ್ ಅಂತರಕ್ಕೆ ಎರಡು ಗುರುತು. ಮುಂದಿನ ಗುರುತಿನಿಂದ ಒಂದು ಮರದ ಚೂರು ನೀರಿಗೆ ಎಸೆದು, ಅದು ಹಿಂದಿನ ಗುರುತು ದಾಟುವವರೆಗೆ ಸೆಕೆಂಡು ಎಣಿಸುವುದು. 4 ಸೆಕೆಂಡು ಹಿಡಿದರೆ ಸುಮಾರು 4.9 ನಾಟ್, ಅಂದರೆ ಗಂಟೆಗೆ 4.9 ನಾಟಿಕಲ್ ಮೈಲಿ.

ಸೆಕ್ಸ್ಟೆಂಟ್ ಅಳೆಯುವುದು ಒಂದೇ ಒಂದನ್ನು: ದಿಗಂತದಿಂದ ಸೂರ್ಯ ಅಥವಾ ನಕ್ಷತ್ರ ಎಷ್ಟು ಎತ್ತರದಲ್ಲಿದೆ ಅನ್ನುವ ಕೋನ. ಕನ್ನಡಿಯಲ್ಲಿ ಸೂರ್ಯನನ್ನು ಕೆಳಗಿಳಿಸಿ, ಅವನ ಕೆಳ ಅಂಚು ನೀರಿನ ಗೆರೆಗೆ ತಾಗುವಂತೆ ಮಾಡಬೇಕು. ಸೆಕ್ಸ್ಟೆಂಟನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ವಾಲಿಸಿದರೆ ಸೂರ್ಯ ತೊಟ್ಟಿಲಿನ ಹಾಗೆ ತೂಗುತ್ತಾನೆ. ಆ ತೂಗಾಟದ ತೀರಾ ಕೆಳಗಿನ ಬಿಂದು ದಿಗಂತವನ್ನು ಮುಟ್ಟಿದಾಗ ಓದಬೇಕು. ಅದೂ ದೋಣಿ ಅಲೆಯ ನೆತ್ತಿಯ ಮೇಲಿದ್ದಾಗ. ತಗ್ಗಿನಲ್ಲಿದ್ದರೆ ಪಕ್ಕದ ಅಲೆಯನ್ನೇ ದಿಗಂತ ಅಂದುಕೊಳ್ಳುತ್ತೇವೆ.

ಬಂದ ಅಂಕಿಗೆ ತಿದ್ದುಪಡಿಗಳಿವೆ. ಡಿಗ್ರಿಯ 60ನೇ ಒಂದು ಭಾಗವನ್ನು ನಾನು ಕಲೆ ಅನ್ನುತ್ತೇನೆ, ಗಡಿಯಾರದ ನಿಮಿಷದ ಜೊತೆ ಗೊಂದಲ ಬೇಡ ಅಂತ. ನನ್ನ ಸೆಕ್ಸ್ಟೆಂಟ್ 2 ಕಲೆ ಜಾಸ್ತಿ ತೋರಿಸುತ್ತದೆ, ಅದನ್ನು ಕಳೆಯಬೇಕು. ಕಣ್ಣು ನೀರಿನಿಂದ ಎರಡೂವರೆ ಮೀಟರ್ ಮೇಲಿದೆ, ಅದಕ್ಕೆ ಇನ್ನು 2.8 ಕಲೆ ಕಳೆಯಬೇಕು. ಅಳೆದದ್ದು ಸೂರ್ಯನ ಕೆಳ ಅಂಚು, ಹಾಗಾಗಿ ಅರ್ಧ ವ್ಯಾಸದ 16 ಕಲೆ ಕೂಡಿಸಬೇಕು. ಗಾಳಿಯಲ್ಲಿ ಬೆಳಕು ಬಾಗುವುದಕ್ಕೂ ಸ್ವಲ್ಪ ಕಳೆಯಬೇಕು. ಎತ್ತರದಲ್ಲಿ ಒಂದು ಕಲೆ ತಪ್ಪಿದರೆ ಆ ಅಳತೆಯಿಂದ ಚಾರ್ಟಿನ ಮೇಲೆ ಎಳೆಯುವ ನಮ್ಮ ಸ್ಥಾನದ ಗೆರೆ ಒಂದು ನಾಟಿಕಲ್ ಮೈಲಿ, ಅಂದರೆ 1852 ಮೀಟರ್ ತಪ್ಪುತ್ತದೆ. ಸಮಯದ ಲೆಕ್ಕವೇ ಬೇರೆ. ಭೂಮಿ ತಿರುಗುವ ವೇಗಕ್ಕೆ 4 ಸೆಕೆಂಡು ಅಂದರೆ ರೇಖಾಂಶದಲ್ಲಿ ಒಂದು ಕಲೆ. ಪೂರ್ತಿ ಒಂದು ನಿಮಿಷ ತಪ್ಪಿದರೆ 15 ಕಲೆ.

ಒಂಬತ್ತನೇ ದಿನ ನಮಗೆ ಆದದ್ದು ಅದೇ.

ಬೆಳಿಗ್ಗೆಯಿಂದ ಮೋಡ. ಸಾಮಾನ್ಯವಾಗಿ ನಾನು ಸಾಲಾಗಿ ಐದು ಸಲ ಅಳೆಯುತ್ತೇನೆ, ಒಂದು ಕೆಟ್ಟರೆ ಉಳಿದ ನಾಲ್ಕು ಅದನ್ನು ತೋರಿಸಿಕೊಡುತ್ತವೆ. ಅವತ್ತು ಮೋಡದ ಸಂದಿನಲ್ಲಿ ಸೂರ್ಯ ಒಂದೇ ಸಲ ಸಿಕ್ಕ. ನಾನು "ಈಗ!" ಅಂದೆ. ಕೆಳಗಿದ್ದ ಗೆಳೆಯ ಗಡಿಯಾರ ನೋಡಿ ಬರೆದುಕೊಂಡ: ಗ್ರೀನಿಚ್ ಸಮಯ 11:42:57.

ಒಂದು ಅಳತೆಯಿಂದ ಸಿಗುವುದು ಬಿಂದುವಲ್ಲ, ಗೆರೆ. ಅಮೆರಿಕದ ಕ್ಯಾಪ್ಟನ್ ಸಮ್ನರ್ 1837ರಲ್ಲಿ ಐರ್ಲೆಂಡ್ ಹತ್ತಿರ ಹೀಗೇ ಮೋಡದ ನಡುವೆ ಒಮ್ಮೆ ಸಿಕ್ಕ ಸೂರ್ಯನಿಂದ ಇದನ್ನು ಕಂಡುಕೊಂಡರು. ಆ ಗೆರೆಯ ಮೇಲೆ ಎಲ್ಲೋ ಒಂದು ಕಡೆ ನಾವಿದ್ದೇವೆ, ಅಷ್ಟೇ ಗೊತ್ತಾಗುತ್ತದೆ. ಮಧ್ಯಾಹ್ನ ಮೋಡ ಚದುರಿತು. ಸೂರ್ಯ ಅತಿ ಎತ್ತರದಲ್ಲಿದ್ದಾಗ ತಿದ್ದಿದ ಕೋನ 49 ಡಿಗ್ರಿ 2 ಕಲೆ. ಅದನ್ನು 90ರಿಂದ ಕಳೆದರೆ 40 ಡಿಗ್ರಿ 58 ಕಲೆ. ಅದರಿಂದ ಸೂರ್ಯನ ದಕ್ಷಿಣ ಕ್ರಾಂತಿ, ಅಂದರೆ ಆ ದಿನ ಸೂರ್ಯ ಸಮಭಾಜಕದಿಂದ ದಕ್ಷಿಣಕ್ಕೆ ಇದ್ದ ಕೋನ, 22 ಡಿಗ್ರಿ 50 ಕಲೆ ಕಳೆದರೆ ನಮ್ಮ ಅಕ್ಷಾಂಶ: ಉತ್ತರ 18 ಡಿಗ್ರಿ 8 ಕಲೆ. ಸೂರ್ಯ ಆ ಎತ್ತರದಲ್ಲಿ ಸ್ವಲ್ಪ ಹೊತ್ತು ನಿಂತ ಹಾಗೇ ಇರುವುದರಿಂದ ಈ ಲೆಕ್ಕಕ್ಕೆ ಸೆಕೆಂಡುಗಳ ಗೊಡವೆ ಇಲ್ಲ.

ಬೆಳಗಿನ ಗೆರೆಯನ್ನು ನಾವು ಸಾಗಿದಷ್ಟು ಮುಂದಕ್ಕೆ ಸರಿಸಿ ಈ ಅಕ್ಷಾಂಶದ ಜೊತೆ ಕೂಡಿಸಿದೆ. ನಮ್ಮ ಸ್ಥಾನ ಡಿಆರ್‌ಗಿಂತ 14 ಮೈಲಿ ಪಶ್ಚಿಮಕ್ಕೆ ಬಿತ್ತು. ನನಗೆ ಖುಷಿಯಾಯಿತು. ಅಲ್ಲಿ ಪ್ರವಾಹ ಪಶ್ಚಿಮಕ್ಕೇ ಹರಿಯುತ್ತದೆ. 24 ಗಂಟೆಯಲ್ಲಿ 14 ಮೈಲಿ ಅಂದರೆ 0.6 ನಾಟ್, ನಂಬುವಂಥ ಅಂಕಿಯೇ. ಪುಸ್ತಕದಲ್ಲಿ "ಪ್ರವಾಹ 0.6 ನಾಟ್" ಅಂತ ಬರೆದು, ಡಿಆರ್ ಅನ್ನು ಹೊಸ ಬಿಂದುವಿನಿಂದ ಶುರು ಮಾಡಿದೆ.

ಸಂಜೆ ನಕ್ಷತ್ರಗಳ ಸರದಿ. ನಕ್ಷತ್ರವೂ ಕಾಣಬೇಕು, ದಿಗಂತವೂ ಕಾಣಬೇಕು. ಎರಡೂ ಒಟ್ಟಿಗೆ ಸಿಗುವುದು ಕೆಲವೇ ನಿಮಿಷ. ಮೊದಲು ಕತ್ತಲಾಗುವುದು ಪೂರ್ವದ ದಿಗಂತ, ಆದ್ದರಿಂದ ಆ ಕಡೆಯ ಹಮಾಲ್ ಅನ್ನುವ ನಕ್ಷತ್ರ ಮೊದಲು. ಆಮೇಲೆ ದಕ್ಷಿಣದಲ್ಲಿ ಒಂಟಿಯಾಗಿ ಹೊಳೆಯುವ ಫೋಮಲ್‌ಹಾಟ್. ಕೊನೆಗೆ ಪಶ್ಚಿಮದ ಶ್ರವಣ. ಮೂರು ಗೆರೆಗಳು ಸೇರಿ ಚಾರ್ಟಿನ ಮೇಲೆ ಚಿಕ್ಕ, ಚೊಕ್ಕ ತ್ರಿಕೋನ ಆಯಿತು. ಆದರೆ ಅದು ಬಿದ್ದದ್ದು ನನ್ನ ಹೊಸ ಡಿಆರ್‌ನಿಂದ 14 ಮೈಲಿ ಪೂರ್ವಕ್ಕೆ. ಮಧ್ಯಾಹ್ನ ನಾನು ಕೈಬಿಟ್ಟ ಹಳೇ ಡಿಆರ್ ಗೆರೆಯನ್ನು ಮುಂದುವರಿಸಿದ್ದರೆ ಸರಿಯಾಗಿ ಅಲ್ಲೇ ಹೋಗುತ್ತಿತ್ತು.

ಟೇಬಲ್ ಮುಂದೆ ತುಂಬಾ ಹೊತ್ತು ಕೂತೆ. ಫೋಮಲ್‌ಹಾಟ್ ಇದ್ದದ್ದು ನೇರ ದಕ್ಷಿಣಕ್ಕೆ. ಅದು ಕೊಟ್ಟ ಅಕ್ಷಾಂಶದಲ್ಲಿ ತಕರಾರಿಲ್ಲ. ವ್ಯತ್ಯಾಸ ಎಲ್ಲ ರೇಖಾಂಶದಲ್ಲೇ. ಈ ಅಕ್ಷಾಂಶದಲ್ಲಿ ರೇಖಾಂಶದ ಒಂದು ಕಲೆಗೆ 0.95 ಮೈಲಿ. 14 ಮೈಲಿಯನ್ನು ಅದರಿಂದ ಭಾಗಿಸಿದೆ. ಹೆಚ್ಚುಕಡಿಮೆ 15 ಕಲೆ. ಅಂದರೆ ಒಂದು ನಿಮಿಷ!

"ಬೆಳಿಗ್ಗೆ ಗಡಿಯಾರ ಹೇಗೆ ಓದಿದೆ, ಒಮ್ಮೆ ಹೇಳು" ಅಂದೆ ಗೆಳೆಯನಿಗೆ.

"ನೀನು ಹೇಳಿಕೊಟ್ಟ ಹಾಗೇ. ಮೊದಲು ಸೆಕೆಂಡು, ಆಮೇಲೆ ನಿಮಿಷ, ಆಮೇಲೆ ಗಂಟೆ."

ತಪ್ಪು ಅಲ್ಲೇ ಇತ್ತು. ನಾನು ಕೂಗಿದಾಗ ಸಮಯ 11:41:57. ಅವನು 57 ಅಂತ ಬರೆದು ತಲೆ ಎತ್ತುವಷ್ಟರಲ್ಲಿ ನಿಮಿಷ 42ಕ್ಕೆ ದಾಟಿತ್ತು. ಅವನು ಕಂಡದ್ದನ್ನೇ ಬರೆದಿದ್ದಾನೆ. ಕ್ರಮ ಹೇಳಿಕೊಟ್ಟವನು ನಾನು. ಸೆಕೆಂಡು ಮೊದಲು ಓದುವುದು ಸರಿಯಾದ ಪದ್ಧತಿಯೇ. ಆದರೆ ಸೆಕೆಂಡು 55 ದಾಟಿದ್ದರೆ ನಿಮಿಷವನ್ನು ಅನುಮಾನಿಸಬೇಕು ಅನ್ನುವುದನ್ನು ನಾನು ಹೇಳಿರಲಿಲ್ಲ.

ಅದಕ್ಕಿಂತ ನನ್ನನ್ನು ಕಾಡಿದ್ದು ಪ್ರವಾಹದ ಲೆಕ್ಕ. ಎಂಟು ದಿನ ಗಂಟೆಗಂಟೆಗೂ ಜೋಪಾನವಾಗಿ ಬರೆದ ಡಿಆರ್ ಒಂದು ಕಡೆ, ಮೋಡದ ಸಂದಿನ ಒಂದೇ ಒಂದು ಅಳತೆ ಇನ್ನೊಂದು ಕಡೆ. ನಾನು ಅಳತೆಯ ಪರ ನಿಂತೆ, ಅದಕ್ಕೆ ಒಪ್ಪುವಂಥ ಕಾರಣವನ್ನೂ ಹುಡುಕಿಕೊಂಡೆ. ಈಗ ಒಂಟಿ ಗೆರೆಯನ್ನು ಚಾರ್ಟಿನ ಮೇಲೆ ಎಳೆಯುತ್ತೇನೆ, ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕುತ್ತೇನೆ. ಇನ್ನೊಂದು ಅಳತೆ ಅದನ್ನು ಒಪ್ಪುವವರೆಗೆ ಡಿಆರ್ ಮುಟ್ಟುವುದಿಲ್ಲ. ಆ ದಿನದ ತಪ್ಪು ಗೆರೆಯನ್ನೂ ಅಳಿಸಲಿಲ್ಲ, ಪಕ್ಕದಲ್ಲಿ ಕಾರಣ ಬರೆದಿಟ್ಟೆ.

ಮಾರನೇ ದಿನ ಬೆಳಿಗ್ಗೆ ಗೆಳೆಯ ಗಂಟೆ, ನಿಮಿಷ ಮೊದಲೇ ಬರೆದುಕೊಂಡು, ಪ್ರತಿ ನಿಮಿಷ ದಾಟುವಾಗಲೂ ಗಟ್ಟಿಯಾಗಿ ಕೂಗುತ್ತಿದ್ದ. ಐದು ಅಳತೆ ಸಿಕ್ಕವು. ಗೆರೆ ಡಿಆರ್‌ನಿಂದ 2 ಮೈಲಿ ಆಚೆ ಬಿತ್ತು.